ಪೂರ್ವದ ದರ್ಶನಗಳು ಮತ್ತು ಧಾರ್ಮಿಕ ಅಲ್ಪಸಂಖ್ಯಾತರ ಹಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಬಗ್ಗೆ ಓದುತ್ತಾ, ಗೆಳೆಯರ ಜೊತೆ ವಾದ ಮಾಡುತ್ತಾ ಬಂದಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಕಲ್ಲಿನ ಮೇಲೆ ಕೊರೆದದ್ದನ್ನು ನಿಧಾನವಾಗಿ ಓದಬೇಕಾಗುತ್ತದೆ.

ಪೂರ್ವದ ದರ್ಶನಗಳು ಅಂದರೆ ಯಾವುವು?

ಭಾರತದಲ್ಲಿ ಹುಟ್ಟಿದ ವೈದಿಕ, ಜೈನ, ಬೌದ್ಧ, ಸಿಖ್ ಪರಂಪರೆಗಳು. ಚೀನಾದ ಕನ್ಫ್ಯೂಷಿಯಸ್ ಮತ್ತು ತಾವೋ ಚಿಂತನೆ. ಜಪಾನಿನ ಶಿಂಟೋ. 'ಪೂರ್ವ' ಅನ್ನೋದು ಅನುಕೂಲಕ್ಕೆ ಇಟ್ಟುಕೊಂಡ ಹೆಸರು, ಅಷ್ಟೇ. ಇವೆಲ್ಲ ಒಂದೇ ಮಾತು ಹೇಳುತ್ತವೆ ಅಂತ ಅಂದುಕೊಳ್ಳಬೇಡಿ.

ಈ ಪರಂಪರೆಗಳಲ್ಲಿ 'ಅಲ್ಪಸಂಖ್ಯಾತರ ಹಕ್ಕು' ಅನ್ನೋ ಮಾತು ಇದೆಯಾ?

ಆ ಮಾತು ಇಲ್ಲ. ಜನರನ್ನು ತಲೆ ಎಣಿಸಿ ಬಹುಸಂಖ್ಯಾತ, ಅಲ್ಪಸಂಖ್ಯಾತ ಅಂತ ನೋಡುವ ರೂಢಿ ಶುರುವಾದದ್ದೇ ಜನಗಣತಿ, ಚುನಾವಣೆಗಳು ಬಂದ ಮೇಲೆ. ಆದರೆ ಬೇರೆ ನಂಬಿಕೆಯವರ ಜೊತೆ ಹೇಗಿರಬೇಕು ಅನ್ನುವ ಪ್ರಶ್ನೆ ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಅದಕ್ಕೆ ಇಲ್ಲಿ ಒಳ್ಳೆಯ ಉತ್ತರಗಳೂ ಸಿಕ್ಕಿವೆ, ಕೆಟ್ಟ ಉತ್ತರಗಳೂ ಸಿಕ್ಕಿವೆ.

ಮುಂದೆ ಓದುವಾಗ ಒಂದು ವಿಷಯ ನೆನಪಿಡಿ. ಸಹನೆ ಇರುವುದು ಕೊಡುವವರ ಕೈಯಲ್ಲಿ. ಅವರ ಮನಸ್ಸು ಬದಲಾದರೆ ಅದೂ ಹೋಯಿತು. ಹಕ್ಕು ಇರುವುದು ಕೇಳುವವರ ಕೈಯಲ್ಲಿ. ಎದುರಿನವರಿಗೆ ಇಷ್ಟ ಇಲ್ಲದಿದ್ದರೂ ಕೇಳಬಹುದು, ಕೊಡದಿದ್ದರೆ ದೂರು ಕೊಡಬಹುದು. ಪೂರ್ವದ ಚರಿತ್ರೆಯಲ್ಲಿ ಮೊದಲನೆಯದು ಧಾರಾಳವಾಗಿ ಸಿಗುತ್ತದೆ, ಎರಡನೆಯದು ಅಪರೂಪ.

ಅಶೋಕನ ಶಾಸನಗಳನ್ನು ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿ ನಿಜವಾಗಿ ಏನಿದೆ?

ಹನ್ನೆರಡನೆಯ ಬಂಡೆ ಶಾಸನವನ್ನು ಓದಬೇಕು. ಅಶೋಕ ತಾನು ಬೌದ್ಧನಾಗಿದ್ದರೂ ಎಲ್ಲ ಪಂಥಗಳನ್ನೂ ಗೌರವಿಸುತ್ತೇನೆ ಅನ್ನುತ್ತಾನೆ. ಎಲ್ಲ ಪಂಥಗಳ ಸಾರ ಬೆಳೆಯಬೇಕು, ಅದಕ್ಕೆ ಬೇರು ವಚೋಗುಪ್ತಿ ಅನ್ನುತ್ತಾನೆ. ವಚೋಗುಪ್ತಿ ಅಂದರೆ ಮಾತಿನ ಮೇಲೆ ಹಿಡಿತ. ತನ್ನ ಪಂಥವನ್ನು ಅತಿಯಾಗಿ ಹೊಗಳಬಾರದು, ಬೇರೆಯವರದ್ದನ್ನು ಕಾರಣವಿಲ್ಲದೆ ಹಳಿಯಬಾರದು. ಹಾಗೆ ಮಾಡುವವನು ತನ್ನ ಪಂಥಕ್ಕೇ ಜಾಸ್ತಿ ಕೇಡು ಮಾಡುತ್ತಾನೆ. ಒಬ್ಬರು ಇನ್ನೊಬ್ಬರ ಧರ್ಮವನ್ನು ಕೇಳಿಸಿಕೊಳ್ಳಬೇಕು. ಏಳನೆಯ ಶಾಸನದಲ್ಲಿ ಎಲ್ಲ ಪಂಥದವರೂ ಎಲ್ಲ ಕಡೆ ವಾಸಿಸಲಿ ಅಂತ ಹೇಳುತ್ತಾನೆ. ಈ ಒಂದು ಸಾಲು ಇವತ್ತು ಎಷ್ಟು ದೊಡ್ಡದು ಅನ್ನೋದು ಬಾಡಿಗೆ ಮನೆ ಹುಡುಕಿ ಅಲೆದವರಿಗೆ ಗೊತ್ತು.

ಇಲ್ಲಿ ಪಂಥಗಳಿಗೆ ಅವನು ಬಳಸುವ ಪದ 'ಪಾಸಂಡ'. ಆಗ ಅದಕ್ಕೆ ಕೆಟ್ಟ ಅರ್ಥ ಇರಲಿಲ್ಲ. ಅದೇ ಪದ ಮುಂದೆ 'ಪಾಷಂಡಿ' ಆಯಿತು: ಧರ್ಮ ಬಿಟ್ಟವನು, ಡಾಂಭಿಕ. ಒಂದು ಕಾಲದಲ್ಲಿ ರಾಜ ಗೌರವದಿಂದ ಕಲ್ಲಿನ ಮೇಲೆ ಬರೆಸಿದ ಪದ ಬೈಗುಳವಾಯಿತು. ಅಲ್ಪಸಂಖ್ಯಾತರ ಕಥೆಯೆಲ್ಲ ಈ ಒಂದು ಪದದೊಳಗೇ ಇದೆ ಅಂತ ನನಗೆ ಅನ್ನಿಸುತ್ತದೆ.

ಹನ್ನೆರಡನೆಯ ಶಾಸನದ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಡದಲ್ಲಿ ಸಿಕ್ಕಿತು. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿ ಇತ್ತು. 1986ರಲ್ಲಿ ಅದರ ಚಾವಣಿ ಕುಸಿದಾಗ ದೇವಿಯ ವಿಗ್ರಹದ ಕೆಳಗಿದ್ದ ಕಲ್ಲು ಕಣ್ಣಿಗೆ ಬಿತ್ತು. ಬ್ರಾಹ್ಮಿ ಅಕ್ಷರಗಳು. ವಿಗ್ರಹ ನಿಲ್ಲಿಸೋದಕ್ಕೆ ಅಂತ ಆ ಅಕ್ಷರಗಳ ನಡುವೆಯೇ ಚೌಕಾಕಾರದ ಕಿಂಡಿ ಕೊರೆದಿದ್ದರು. ಕೊರೆದವರದ್ದು ತಪ್ಪು ಅನ್ನುವಂತಿಲ್ಲ, ಅವರಿಗೆ ಆ ಲಿಪಿ ಬರುತ್ತಿರಲಿಲ್ಲ. ಎಲ್ಲ ಪಂಥಗಳನ್ನೂ ಗೌರವಿಸಿ ಅನ್ನುವ ಮಾತು ಅಷ್ಟು ಕಾಲ ದೇವಿಯ ಕಾಲ ಕೆಳಗೆ ಸುಮ್ನೆ ಮಲಗಿತ್ತು.

ಹಾಗಾದರೆ ಅಶೋಕ ಹಕ್ಕು ಕೊಟ್ಟ ಅನ್ನಬಹುದಾ?

ಇಲ್ಲ. ಅವನು ಆಜೀವಿಕರು ಅನ್ನುವ ಸನ್ಯಾಸಿ ಪಂಥದವರಿಗೆ ಬಿಹಾರದ ಬರಾಬರ್ ಬೆಟ್ಟದಲ್ಲಿ ಗುಹೆಗಳನ್ನು ದಾನ ಮಾಡಿದ. ಆಜೀವಿಕರು ಬೌದ್ಧರಿಗೆ ಎದುರಾಳಿಗಳು, ಹಾಗಾಗಿ ಅದು ದೊಡ್ಡ ಮನಸ್ಸಿನ ಕೆಲಸವೇ. ಆದರೆ ಅದು ದಾನ. ಕೊಡದಿದ್ದರೆ ಕೇಳುವ ಜಾಗ ಅವರಿಗೆ ಇರಲಿಲ್ಲ. ಮುಂದೆ ಆಜೀವಿಕರು ಪಂಥವಾಗಿಯೇ ಉಳಿಯಲಿಲ್ಲ.

ಇನ್ನೊಂದು ಮುಖವೂ ಇದೆ. ಬೌದ್ಧ ಸಂಘವನ್ನು ಒಡೆಯುವ ಭಿಕ್ಷುವಿಗೆ ಬಿಳಿ ಬಟ್ಟೆ ಉಡಿಸಿ ವಿಹಾರದ ಹೊರಗೆ ಇರಿಸಿ ಅಂತ ಸಾಂಚಿ, ಸಾರನಾಥದ ಶಾಸನಗಳಲ್ಲಿ ಇದೇ ಅಶೋಕ ಆಜ್ಞೆ ಮಾಡುತ್ತಾನೆ. ಹೊರಗಿನವರ ವಿಷಯದಲ್ಲಿ ಉದಾರಿ, ಒಳಗಿನ ಭಿನ್ನಮತದ ವಿಷಯದಲ್ಲಿ ಬಿಗಿ. ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರ ಪಾಡು ಎಲ್ಲ ಕಾಲದಲ್ಲೂ ಹೆಚ್ಚು ಕಡಿಮೆ ಹೀಗೇ ಇದೆ.

ಜೈನರ ಅನೇಕಾಂತವಾದ ಸಹನೆಯ ಸಿದ್ಧಾಂತ ಅಲ್ವಾ?

ವಸ್ತುವಿಗೆ ಹಲವು ಮುಖಗಳಿವೆ, ಒಂದು ಮಾತು ಒಂದು ಮುಖವನ್ನು ಮಾತ್ರ ಹಿಡಿಯುತ್ತದೆ ಅನ್ನೋದು ಅನೇಕಾಂತವಾದ. ಅದಕ್ಕೇ ಪ್ರತಿ ಮಾತಿಗೂ 'ಸ್ಯಾತ್' ಸೇರಿಸಬೇಕು: ಒಂದು ದೃಷ್ಟಿಯಿಂದ ಹೀಗೆ. ತಾನು ನೋಡಿದ್ದೇ ಪೂರ್ತಿ ಸತ್ಯ ಅಂತ ಹಟ ಹಿಡಿಯದವನು ಪಕ್ಕದವನ ಮೇಲೆ ಕೈ ಎತ್ತೋದು ಕಷ್ಟ. ಆ ಅರ್ಥದಲ್ಲಿ ಇದು ಸಹನೆಗೆ ಗಟ್ಟಿ ನೆಲ.

ಆದರೆ ಹಳೆಯ ಜೈನ ತಾರ್ಕಿಕರು ಇದೇ ತತ್ವವನ್ನು ವಾದದಲ್ಲಿ ಎದುರಾಳಿಯನ್ನು ಮಣಿಸೋದಕ್ಕೂ ಬಳಸಿದ್ದಾರೆ. ನಿಮ್ಮದು ಒಂದೇ ಮುಖ, ನಮಗೆ ಮಾತ್ರ ಎಲ್ಲ ಮುಖ ಗೊತ್ತು ಅನ್ನುವ ಧಾಟಿ. 'ಬೌದ್ಧಿಕ ಅಹಿಂಸೆ' ಅನ್ನುವ ಓದು ಇಪ್ಪತ್ತನೆಯ ಶತಮಾನದ್ದು. ಅದು ಒಳ್ಳೆಯ ಓದು, ಇಟ್ಟುಕೊಳ್ಳೋಣ. ಹಳೆಯದು ಅಂತ ಹೇಳಿಕೊಳ್ಳುವ ಅಗತ್ಯ ಇಲ್ಲ.

ಬುದ್ಧ ಬೇರೆ ಮತದವರ ಬಗ್ಗೆ ಏನು ಹೇಳಿದ?

ಪಾಳಿ ಭಾಷೆಯ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ಉಪಾಲಿ ಅನ್ನುವ ಗೃಹಸ್ಥನ ಪ್ರಸಂಗ ಇದೆ. ನಾಲಂದದ ಶ್ರೀಮಂತ, ಮಹಾವೀರನ ಅನುಯಾಯಿ. ಬುದ್ಧನನ್ನು ವಾದದಲ್ಲಿ ಸೋಲಿಸಲು ಹೊರಟವನು ಅವನ ಮಾತಿಗೆ ಮನಸೋಲುತ್ತಾನೆ. ನಿನ್ನ ಶಿಷ್ಯನಾಗುತ್ತೇನೆ ಅನ್ನುತ್ತಾನೆ. ಸರಿಯಾಗಿ ಯೋಚಿಸು, ನಿನ್ನಂಥ ಹೆಸರುವಾಸಿ ಜನ ಆತುರ ಪಡಬಾರದು ಅನ್ನುತ್ತಾನೆ ಬುದ್ಧ. ಉಪಾಲಿಗೆ ಆಶ್ಚರ್ಯ. ಬೇರೆ ಗುರುಗಳಾಗಿದ್ದರೆ ಉಪಾಲಿ ನಮ್ಮವನಾದ ಅಂತ ಊರೆಲ್ಲ ಬಾವುಟ ಹಿಡಿದು ಸಾರುತ್ತಿದ್ದರು ಅನ್ನುತ್ತಾನೆ. ಆಮೇಲೆ ಬುದ್ಧ ಇನ್ನೊಂದು ಮಾತು ಸೇರಿಸುತ್ತಾನೆ: ನಿನ್ನ ಮನೆ ಬಹಳ ಕಾಲದಿಂದ ಜೈನ ಮುನಿಗಳಿಗೆ ಆಸರೆಯಾಗಿದೆ, ಅವರು ಬಂದರೆ ಭಿಕ್ಷೆ ನಿಲ್ಲಿಸಬೇಡ.

ಮತ ಬದಲಿಸುವವನ ಸ್ವಾತಂತ್ರ್ಯವೂ ಇಲ್ಲಿದೆ, ಅವನು ಬಿಟ್ಟು ಬಂದವರ ಅನ್ನದ ಚಿಂತೆಯೂ ಇದೆ. ಈ ಕಥೆ ನನಗೆ ತುಂಬಾ ಇಷ್ಟ.

'ಏಕಂ ಸತ್, ವಿಪ್ರಾ ಬಹುಧಾ ವದಂತಿ' ಇದ್ದ ಮೇಲೆ ಬೇರೆ ಏನು ಬೇಕು?

ಸತ್ಯ ಒಂದೇ, ತಿಳಿದವರು ಅದನ್ನು ಹಲವು ಹೆಸರಿನಿಂದ ಕರೆಯುತ್ತಾರೆ. ಋಗ್ವೇದದ ಮೊದಲ ಮಂಡಲದ ಸಾಲು. ಇದಕ್ಕೆ ಎರಡು ಬಗೆಯಲ್ಲಿ ಅರ್ಥ ಹೇಳಬಹುದು. 'ನಿನ್ನ ದಾರಿಯೂ ಸರಿ, ಅದರಲ್ಲೇ ಹೋಗು' ಅನ್ನಬಹುದು. 'ನೀನು ಯಾರನ್ನೇ ಪೂಜಿಸು, ಕೊನೆಗೆ ನೀನೂ ನಮ್ಮವನೇ' ಅಂತಲೂ ಅನ್ನಬಹುದು. ಎರಡನೆಯದು ಪ್ರೀತಿಯ ಮಾತಿನ ಹಾಗೆ ಕೇಳಿಸುತ್ತದೆ. ಆದರೆ 'ನಾನು ಬೇರೆ' ಅಂತ ಹೇಳಬೇಕಾದವನಿಗೆ ಅಲ್ಲಿ ಜಾಗ ಇಲ್ಲ.

ಇದು ಬರೀ ತತ್ವದ ಜಗಳ ಅಲ್ಲ. ಭಾರತದ ಸಂವಿಧಾನದ 25ನೇ ವಿಧಿಯ ಒಂದು ವಿವರಣೆ, ಸಮಾಜ ಸುಧಾರಣೆ ಮತ್ತು ದೇವಸ್ಥಾನ ಪ್ರವೇಶದ ಮಟ್ಟಿಗೆ, ಹಿಂದೂ ಅನ್ನುವ ಪದದೊಳಗೆ ಸಿಖ್ಖರು, ಜೈನರು, ಬೌದ್ಧರನ್ನೂ ಸೇರಿಸುತ್ತದೆ. 1993ರಲ್ಲಿ ಕೇಂದ್ರ ಸರ್ಕಾರ ಐದು ಸಮುದಾಯಗಳನ್ನು ಅಲ್ಪಸಂಖ್ಯಾತರು ಅಂತ ಪ್ರಕಟಿಸಿದಾಗ ಜೈನರು ಆ ಪಟ್ಟಿಯಲ್ಲಿ ಇರಲಿಲ್ಲ. ಅವರು 2014ರ ತನಕ ಕಾಯಬೇಕಾಯಿತು.

ರಾಜರ ಕಾಲದಲ್ಲಿ ಅಲ್ಪಸಂಖ್ಯಾತರು ದೂರು ಕೊಟ್ಟು ನ್ಯಾಯ ಪಡೆದ ಉದಾಹರಣೆ ಇದೆಯಾ?

ಇದೆ. ಶ್ರವಣಬೆಳಗೊಳದ 1368ರ ಶಾಸನ. ಜೈನರಿಗೂ ವೈಷ್ಣವರಿಗೂ ಜಗಳ ಆಯಿತು. ವೈಷ್ಣವರಿಂದ ಅನ್ಯಾಯವಾಗಿದೆ ಅಂತ ಜೈನರು ವಿಜಯನಗರದ ಒಂದನೆಯ ಬುಕ್ಕರಾಯನ ಹತ್ತಿರ ದೂರು ಕೊಂಡೊಯ್ದರು. ರಾಜ ಎರಡೂ ಕಡೆಯವರನ್ನು ಕರೆಸಿದ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಅಂದ. ಪಂಚಮಹಾವಾದ್ಯ ಮತ್ತು ಕಳಶ ಜೈನರಿಗೆ ಹಿಂದಿನಂತೆ ಸಲ್ಲಬೇಕು, ಜೈನರಿಗೆ ಹಾನಿಯಾದರೆ ಅದು ತಮಗೇ ಆದ ಹಾನಿ ಅಂತ ವೈಷ್ಣವರು ತಿಳಿಯಬೇಕು ಅಂತ ತೀರ್ಪಾಯಿತು. ಅದನ್ನು ಕಲ್ಲಿನ ಮೇಲೆ ಬರೆಸಿದ್ದರಿಂದ, ಮುಂದೆ ಯಾರಾದರೂ ತಕರಾರು ತೆಗೆದರೆ ಜೈನರು ಬೆರಳು ಮಾಡಿ ತೋರಿಸಬಹುದಿತ್ತು. ಇದು ಬರೀ ಸಹನೆ ಅಲ್ಲ, ಹಕ್ಕಿನ ಹತ್ತಿರ ಹತ್ತಿರಕ್ಕೆ ಬರುತ್ತದೆ.

ವಾದ್ಯ, ಕಳಶ ಅಂದರೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಯಾರ ಮೆರವಣಿಗೆ ಯಾವ ಬೀದಿಯಲ್ಲಿ, ಯಾವ ಸದ್ದಿನೊಂದಿಗೆ ಹೋಗಬಹುದು ಅನ್ನೋದರ ಮೇಲೇ ಇವತ್ತಿಗೂ ಗಲಭೆಗಳು ಆಗುತ್ತವೆ. ಬುಕ್ಕರಾಯ ಸರಿಯಾದ ಜಾಗಕ್ಕೇ ಕೈ ಹಾಕಿದ್ದ.

ಅದೇ ಶಾಸನವನ್ನು ಮುಂದಕ್ಕೆ ಓದಿ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಅದಕ್ಕೆ ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ (ಆಗಿನ ನಾಣ್ಯ) ವಸೂಲಿ. ಉಳಿದ ದುಡ್ಡಿನಲ್ಲಿ ಹಾಳಾದ ಬಸದಿಗಳ ದುರಸ್ತಿ. ಉಸ್ತುವಾರಿ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರದು. ರಕ್ಷಣೆ ಸಿಕ್ಕಿತು, ನಿಜ. ಆದರೆ ದೂರು ಕೊಟ್ಟವರೇ ಅದರ ಖರ್ಚು ಹೊತ್ತರು. ಅದನ್ನು ನಡೆಸುವ ಅಧಿಕಾರವೂ ಅವರಿಗೆ ಸಿಗಲಿಲ್ಲ. ಆ ಕಾಲಕ್ಕೆ ಇದು ದೊಡ್ಡ ತೀರ್ಪು ಅಂತ ಒಪ್ಪುತ್ತೇನೆ. ಈ ಕಾಲಕ್ಕೆ ಇಷ್ಟು ಸಾಲದು.

ಚೀನಾದಲ್ಲಿ ಹೇಗಿತ್ತು?

ಶಿಯಾನ್ ನಗರದಲ್ಲಿ ಎತ್ತರದ ಒಂದು ಕಲ್ಲು ಇದೆ. 781ರಲ್ಲಿ ನಿಲ್ಲಿಸಿದ್ದು. ಅಲೋಪೆನ್ ಅನ್ನುವ ಕ್ರೈಸ್ತ ಸನ್ಯಾಸಿ 635ರಲ್ಲಿ ತಾಂಗ್ ರಾಜವಂಶದ ರಾಜಧಾನಿಗೆ ಬಂದದ್ದು, ಮೂರು ವರ್ಷದ ನಂತರ ಚಕ್ರವರ್ತಿ ತೈಝೋಂಗ್ ಆ ಮತಕ್ಕೆ ಅನುಮತಿ ಕೊಟ್ಟದ್ದು ಅದರಲ್ಲಿ ಇದೆ. ಆ ಆಜ್ಞೆ ಶುರುವಾಗುವುದೇ ತಾವೋ ಚಿಂತನೆಯ ಧಾಟಿಯಲ್ಲಿ: ಮಾರ್ಗಕ್ಕೆ ಸ್ಥಿರವಾದ ಹೆಸರಿಲ್ಲ, ಸಂತರಿಗೆ ಸ್ಥಿರವಾದ ರೂಪವಿಲ್ಲ. ಎಷ್ಟು ಚೆಂದದ ಮಾತು!

ಆ ಮಾತಿಗೆ ಇನ್ನೂರು ವರ್ಷ ಕಳೆದ ಮೇಲೆ, 845ರಲ್ಲಿ, ತಾವೋ ಭಕ್ತನಾಗಿದ್ದ ವುಝೋಂಗ್ ಚಕ್ರವರ್ತಿ ಹೊರಗಿನಿಂದ ಬಂದ ಮತಗಳ ಮೇಲೆ ತಿರುಗಿಬಿದ್ದ. ಅವನ ಆಜ್ಞೆಯ ಲೆಕ್ಕದಲ್ಲಿ 4,600 ಬೌದ್ಧ ವಿಹಾರಗಳು ನಾಶವಾದವು, 2,60,500 ಭಿಕ್ಷು ಭಿಕ್ಷುಣಿಯರು ಕಾವಿ ಬಿಡಬೇಕಾಯಿತು. ವಿಹಾರಗಳ ಹತ್ತಿರ ಇದ್ದ ಆಸ್ತಿ, ಅವುಗಳಿಗಿದ್ದ ತೆರಿಗೆ ವಿನಾಯಿತಿಯ ಮೇಲೂ ಕಣ್ಣಿತ್ತು. ಕ್ರೈಸ್ತರೂ, ಪಾರಸಿ ಮತದವರೂ ಅದರ ಜೊತೆಗೆ ಸಿಕ್ಕಿಬಿದ್ದರು. ಮರುವರ್ಷ ಅವನು ತೀರಿಕೊಂಡ. ಬೌದ್ಧರಿಗೆ ಸಂಖ್ಯೆ ಇತ್ತು, ಜನಬಲ ಇತ್ತು, ಎದ್ದು ನಿಂತರು. ಆ ಪುಟ್ಟ ಕ್ರೈಸ್ತ ಸಭೆ ಏಳಲಿಲ್ಲ. ಅವರ ಕಲ್ಲು 1620ರ ದಶಕದಲ್ಲಿ ಮಣ್ಣಿನಡಿಯಿಂದ ಸಿಕ್ಕಿತು. ಪೆಟ್ಟು ಒಂದೇ ಆದರೂ ಸಣ್ಣ ಗುಂಪಿಗೆ ಅದು ಕೊನೆಯ ಪೆಟ್ಟು ಆಗಬಹುದು. ಅಲ್ಪಸಂಖ್ಯಾತರಿಗೆ ಬೇರೆ ರಕ್ಷಣೆ ಯಾಕೆ ಅಂತ ಕೇಳುವವರಿಗೆ ನಾನು ಈ ಕಲ್ಲಿನ ಕಥೆ ಹೇಳುತ್ತೇನೆ.

ಬೌದ್ಧ ಧರ್ಮ ಕರುಣೆಯ ಧರ್ಮ. ಆದರೂ ಬೌದ್ಧರು ಹೆಚ್ಚಿರುವ ದೇಶಗಳಲ್ಲಿ ಹಿಂಸೆ ಯಾಕೆ?

ಕರುಣೆ ದರ್ಶನದಲ್ಲಿದೆ. ಅಧಿಕಾರ ಬೇರೆ ಕಡೆ ಇದೆ. ಶ್ರೀಲಂಕಾದ 1978ರ ಸಂವಿಧಾನದ 9ನೇ ವಿಧಿ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಡುತ್ತದೆ, ಜೊತೆಗೆ ಉಳಿದ ಧರ್ಮಗಳ ಹಕ್ಕುಗಳಿಗೆ ಭರವಸೆಯನ್ನೂ ಕೊಡುತ್ತದೆ. ಕಾಗದದ ಮೇಲೆ ಎರಡೂ ಒಟ್ಟಿಗೆ ಇರಬಹುದು. 2003ರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಒಂದು ಸಂಸ್ಥೆ ಕಾನೂನಿನ ಮಾನ್ಯತೆ ಕೇಳಿದಾಗ ಅಲ್ಲಿನ ಸುಪ್ರೀಂ ಕೋರ್ಟ್, ಧರ್ಮ ಪ್ರಚಾರ ಮೂಲಭೂತ ಹಕ್ಕಲ್ಲ ಅಂತ ಹೇಳಿತು.

ಮ್ಯಾನ್ಮಾರ್ ಕಥೆ ಇನ್ನೂ ನೋವಿನದು. 2007ರಲ್ಲಿ ಅಲ್ಲಿನ ಭಿಕ್ಷುಗಳು ಮೆತ್ತಾ ಸುತ್ತ ಪಠಿಸುತ್ತಾ ಸೈನ್ಯದ ಆಳ್ವಿಕೆಯ ವಿರುದ್ಧ ಬೀದಿಗೆ ಇಳಿದರು. ಮೆತ್ತಾ ಅಂದರೆ ಮೈತ್ರಿ, ಎಲ್ಲ ಜೀವಿಗಳೂ ಸುಖವಾಗಿರಲಿ ಅನ್ನುವ ಹಾರೈಕೆ. ಕೆಲವೇ ವರ್ಷಗಳಲ್ಲಿ ಅದೇ ದೇಶದ ಭಿಕ್ಷುಗಳ ಇನ್ನೊಂದು ಗುಂಪು ಮುಸ್ಲಿಮರ ವಿರುದ್ಧ ಭಾಷಣ ಮಾಡುತ್ತಿತ್ತು. 2015ರಲ್ಲಿ ಅವರ ಒತ್ತಾಯಕ್ಕೆ ಮತಾಂತರವನ್ನೂ, ಬೌದ್ಧ ಹೆಣ್ಣುಮಕ್ಕಳ ಅಂತರ್ಧರ್ಮೀಯ ಮದುವೆಯನ್ನೂ ಕಟ್ಟುಪಾಡಿಗೆ ತರುವ ಕಾನೂನುಗಳು ಬಂದವು. ಅಲ್ಲಿನ ರೋಹಿಂಗ್ಯಾ ಮುಸ್ಲಿಮರಲ್ಲಿ ಬಹುಪಾಲು ಮಂದಿಗೆ 1982ರ ಪೌರತ್ವ ಕಾನೂನಿನಿಂದಲೇ ನಾಗರಿಕತ್ವ ಇರಲಿಲ್ಲ. 2017ರಲ್ಲಿ ಸೈನ್ಯದ ದಾಳಿಗೆ ಹೆದರಿ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಪೌರತ್ವವೇ ಇಲ್ಲದವನು ಯಾವ ಕೋರ್ಟಿನ ಬಾಗಿಲು ತಟ್ಟಬೇಕು? ಮೆತ್ತಾ ಸುತ್ತ ಬಾಯಿಪಾಠ ಇದ್ದ ಊರಿನಲ್ಲೇ ಇದು ನಡೆಯಿತು.

ಜಪಾನಿನಲ್ಲಿ ಶಿಂಟೋ ಮತ್ತು ಬೌದ್ಧ ಧರ್ಮ ಶಾಂತಿಯಿಂದ ಇದ್ದವಲ್ಲ?

ಅವೆರಡು ಒಂದರ ಜೊತೆ ಒಂದು ಹೊಂದಿಕೊಂಡಿದ್ದವು, ಹೆಚ್ಚು ಕಾಲ. ಹೊರಗೆ ಉಳಿದವರು ಕ್ರೈಸ್ತರು. 1614ರಲ್ಲಿ ದೇಶದ ತುಂಬ ಅವರ ಮತ ನಿಷೇಧವಾಯಿತು. ಆಮೇಲೆ ಪ್ರತಿ ಮನೆಯವರೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಿ, ತಾವು ಕ್ರೈಸ್ತರಲ್ಲ ಅಂತ ಪತ್ರ ಪಡೆಯಬೇಕಾಯಿತು. ಕ್ರಿಸ್ತನ ಚಿತ್ರದ ಫಲಕವನ್ನು ಕಾಲಿನಿಂದ ತುಳಿಸಿ ಪರೀಕ್ಷೆ ಮಾಡುತ್ತಿದ್ದರು. ನಿಷೇಧ ಸಡಿಲವಾದದ್ದು 1873ರಲ್ಲಿ.

ಮುಂದೆ ಇನ್ನೊಂದು ಉಪಾಯ ಬಂತು. 1889ರ ಮೇಜಿ ಸಂವಿಧಾನ ಧರ್ಮ ಸ್ವಾತಂತ್ರ್ಯ ಕೊಟ್ಟಿತು, ಆದರೆ ಪ್ರಜೆಯ ಕರ್ತವ್ಯಕ್ಕೆ ಅಡ್ಡಿಯಾಗದಿದ್ದರೆ ಮಾತ್ರ. ಸರ್ಕಾರಿ ಶಿಂಟೋ 'ಧರ್ಮವೇ ಅಲ್ಲ, ನಾಗರಿಕ ಕರ್ತವ್ಯ' ಅಂತ ಆಯಿತು. ಹಾಗಾಗಿ ಶಿಂಟೋ ಗುಡಿಯಲ್ಲಿ ತಲೆಬಾಗಲು ಯಾರನ್ನಾದರೂ ಒತ್ತಾಯಿಸಬಹುದು! 'ಇದು ಧರ್ಮ ಅಲ್ಲ, ನಮ್ಮ ಸಂಸ್ಕೃತಿ' ಅನ್ನುವ ಮಾತು ಎಲ್ಲಿ ಕೇಳಿದರೂ ನನಗೆ ಈ ಉಪಾಯ ನೆನಪಾಗುತ್ತದೆ. 1947ರ ಸಂವಿಧಾನದ 20ನೇ ವಿಧಿ ಇದನ್ನು ಸರಿಪಡಿಸಿತು.

ದೇವರೇ ಇಲ್ಲ ಅನ್ನುವ ದರ್ಶನಗಳಿಗೂ ಧರ್ಮದ ಹಕ್ಕು ಇದೆಯಾ?

ಇದೆ. 1954ರ ಶಿರೂರು ಮಠದ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್, ಧರ್ಮ ಅನ್ನಲು ದೇವರು ಇರಲೇಬೇಕು ಅಂತಿಲ್ಲ, ಬೌದ್ಧ ಮತ್ತು ಜೈನ ಧರ್ಮಗಳೇ ಸಾಕ್ಷಿ ಅಂತ ಹೇಳಿತು. ಪೂರ್ವದ ದರ್ಶನಗಳು ಕಾನೂನಿಗೆ ಕೊಟ್ಟ ದೊಡ್ಡ ಕೊಡುಗೆ ಇದು. ದೇವರನ್ನು ಒಪ್ಪುವವರಿಗೆ ಮಾತ್ರ ಧರ್ಮ ಸ್ವಾತಂತ್ರ್ಯ ಅಂದರೆ ಎಷ್ಟೊಂದು ಜನ ಹೊರಗೆ ಉಳಿಯುತ್ತಿದ್ದರು.

ಮಾನವ ಹಕ್ಕು ಅನ್ನೋದೇ ಪಶ್ಚಿಮದ ಸರಕಲ್ವಾ?

ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ಸಮಿತಿಯಲ್ಲಿ ಚೀನಾದ ಪಿ.ಸಿ. ಚಾಂಗ್ ಇದ್ದರು. ಮನುಷ್ಯನಿಗೆ ಬುದ್ಧಿ ಇದೆ ಅಂದರೆ ಸಾಲದು, ಕನ್ಫ್ಯೂಷಿಯಸ್ ಹೇಳಿದ 'ರೆನ್' ಕೂಡ ಬೇಕು ಅಂತ ಅವರು ಪಟ್ಟು ಹಿಡಿದರು. ರೆನ್ ಅಂದರೆ ಇನ್ನೊಬ್ಬ ಮನುಷ್ಯನ ಬಗ್ಗೆ ಇರುವ ಮಿಡಿತ. ಮೊದಲ ವಿಧಿಯಲ್ಲಿ 'ಅಂತಃಸಾಕ್ಷಿ' ಅನ್ನುವ ಪದ ಬಂದದ್ದು ಹೀಗೆ. ಅದೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿದ್ದ ಭಾರತದ ಹಂಸಾ ಮೆಹ್ತಾ 'ಎಲ್ಲ ಪುರುಷರು' ಅನ್ನುವ ಅರ್ಥ ಬರುತ್ತಿದ್ದ ಪದವನ್ನು 'ಎಲ್ಲ ಮಾನವರು' ಅಂತ ತಿದ್ದಿಸಿದರು. ಮನೆ ಕಟ್ಟುವಾಗ ನಮ್ಮವರೂ ಇಟ್ಟಿಗೆ ಇಟ್ಟಿದ್ದಾರೆ. ಅದನ್ನು ಬೇರೆಯವರ ಮನೆ ಅನ್ನೋದು ತಪ್ಪು.

ಕರ್ತವ್ಯ ಮೊದಲು, ಹಕ್ಕು ಆಮೇಲೆ ಅನ್ನೋದು ಪೂರ್ವದ ತತ್ವ ಅಲ್ವಾ?

1947ರಲ್ಲಿ ಮಾನವ ಹಕ್ಕುಗಳ ಬಗ್ಗೆ ಗಾಂಧೀಜಿಯವರ ಅಭಿಪ್ರಾಯ ಕೇಳಿದಾಗ, ಚೆನ್ನಾಗಿ ಮಾಡಿದ ಕರ್ತವ್ಯದಿಂದಲೇ ಹಕ್ಕು ಬರುತ್ತದೆ, ಓದು ಬಾರದ ನನ್ನ ತಾಯಿಯಿಂದ ಇದನ್ನು ಕಲಿತೆ ಅಂತ ಬರೆದರು. ಇದನ್ನು ಅಲ್ಪಸಂಖ್ಯಾತರ ಬಾಯಿ ಮುಚ್ಚಿಸಲು ಬಳಸುವವರಿದ್ದಾರೆ: ಮೊದಲು ನಿಮ್ಮ ಕರ್ತವ್ಯ ಮಾಡಿ, ಆಮೇಲೆ ಹಕ್ಕು ಕೇಳಿ. ನನ್ನ ಪ್ರಕಾರ ಈ ಮಾತಿನ ಭಾರ ಬೀಳಬೇಕಾದದ್ದು ಬಲ ಇರುವವರ ಹೆಗಲ ಮೇಲೆ. ಅಶೋಕ ಮಾತಿನ ಹಿಡಿತ ಕಲಿಸಿದ್ದು ತನ್ನಿಂದಲೇ ಶುರು ಮಾಡಿ. ಬುಕ್ಕರಾಯ ಕಾಪಾಡುವ ಹೊಣೆ ಹೊರಿಸಿದ್ದು ವೈಷ್ಣವರ ಮೇಲೆ.

ಮತ ಬದಲಿಸುವ ಹಕ್ಕು?

1948ರ ಘೋಷಣೆಯ 18ನೇ ವಿಧಿಯಲ್ಲಿ ಸ್ಪಷ್ಟವಾಗಿದೆ. ಎಲ್ಲ ದೇಶಗಳ ಕಾನೂನು ಹಾಗಿಲ್ಲ. ನೇಪಾಳದ 2015ರ ಸಂವಿಧಾನ ಜಾತ್ಯತೀತ ಅನ್ನುತ್ತದೆ, ಜೊತೆಗೆ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ನಿಷೇಧಿಸುತ್ತದೆ. ಭಾರತದಲ್ಲಿ ಪ್ರಚಾರದ ಹಕ್ಕು ಇದೆ, ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಅದರಲ್ಲಿ ಸೇರುವುದಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರು. ಆದರೆ ಬೌದ್ಧರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಸಿಕ್ಕಿದ್ದು 1990ರಲ್ಲಿ. ಮೂವತ್ತನಾಲ್ಕು ವರ್ಷ! ಸ್ವಾತಂತ್ರ್ಯ ಇತ್ತು, ಅದಕ್ಕೆ ಬೆಲೆಯನ್ನೂ ಕಟ್ಟಬೇಕಿತ್ತು.

ಪೂರ್ವದ ಧರ್ಮದವರೇ ಅಲ್ಪಸಂಖ್ಯಾತರಾಗಿರುವ ಕಡೆ ಏನಾಗಿದೆ?

ಅಮೆರಿಕದ ಟೆಕ್ಸಸ್‌ನಲ್ಲಿ ಒಬ್ಬ ಬೌದ್ಧ ಕೈದಿಗೆ ಜೈಲಿನ ಪ್ರಾರ್ಥನಾ ಕೋಣೆ ಬಳಸಲು ಬಿಡಲಿಲ್ಲ ಅನ್ನುವ ದೂರು ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ದೂರು ನಿಜವಾಗಿದ್ದರೆ ಅದು ತಾರತಮ್ಯ ಅಂತ 1972ರಲ್ಲಿ ಕೋರ್ಟ್ ಹೇಳಿತು. ಕೆನಡಾದಲ್ಲಿ ಸಿಖ್ ವಿದ್ಯಾರ್ಥಿ ಶಾಲೆಗೆ ಕಿರ್ಪಾನ್ (ಸಿಖ್ಖರು ಧರ್ಮದ ಗುರುತಾಗಿ ಇಟ್ಟುಕೊಳ್ಳುವ ಸಣ್ಣ ಕತ್ತಿ) ಧರಿಸಿ ಹೋಗುವುದನ್ನು ಪೂರ್ತಿ ನಿಷೇಧಿಸುವಂತಿಲ್ಲ ಅಂತ 2006ರಲ್ಲಿ ತೀರ್ಪು ಬಂತು. ಅಲ್ಲಿ ನಮ್ಮವರಿಗೆ ಸಿಕ್ಕಿದಾಗ ಖುಷಿ ಪಡುವ ನಾವು, ಇಲ್ಲಿ ಇನ್ನೊಬ್ಬರು ಅದೇ ಕೇಳಿದಾಗಲೂ ಹಾಗೇ ಖುಷಿ ಪಡಬೇಕು.

ದರ್ಶನ ಮತ್ತು ಕಾನೂನು ಒಟ್ಟಿಗೆ ಕೆಲಸ ಮಾಡಿದ ಉದಾಹರಣೆ ಇದೆಯಾ?

1985ರಲ್ಲಿ ಕೇರಳದ ಒಂದು ಶಾಲೆಯಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಗೆ ಹಾಕಿದರು. ಯೆಹೋವನ ಸಾಕ್ಷಿಗಳು ಅನ್ನುವ ಸಣ್ಣ ಕ್ರೈಸ್ತ ಪಂಥದವರು. ರಾಷ್ಟ್ರಗೀತೆ ಹಾಡುವಾಗ ಅವರು ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ದೇವರನ್ನು ಬಿಟ್ಟು ಬೇರೆ ಯಾವುದಕ್ಕೂ ಹಾಡಿನ ಮೂಲಕ ಭಕ್ತಿ ತೋರಿಸಬಾರದು ಅನ್ನೋದು ಅವರ ನಂಬಿಕೆ. ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರು ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಅಂತ ತೀರ್ಪು ಬರೆದರು. ಆಧಾರ ಸಂವಿಧಾನದ 19 ಮತ್ತು 25ನೇ ವಿಧಿಗಳು. ಕೊನೆಯಲ್ಲಿ ಅವರು ಮೂರು ವಿಷಯ ಜೋಡಿಸಿದರು: ನಮ್ಮ ಪರಂಪರೆ ಸಹನೆ ಕಲಿಸುತ್ತದೆ, ನಮ್ಮ ದರ್ಶನ ಸಹನೆ ಬೋಧಿಸುತ್ತದೆ, ನಮ್ಮ ಸಂವಿಧಾನ ಸಹನೆಯನ್ನು ಆಚರಿಸುತ್ತದೆ, ಅದನ್ನು ತೆಳುಗೊಳಿಸಬೇಡಿ.

ಪರಂಪರೆಯೂ ದರ್ಶನವೂ ಆ ಶಾಲೆಯ ಸುತ್ತಮುತ್ತ ಮೊದಲಿನಿಂದಲೂ ಇದ್ದವು. ಶಾಲೆಯ ಬಾಗಿಲು ಮಾತ್ರ ಕೋರ್ಟು ಹೇಳುವ ತನಕ ಆ ಮಕ್ಕಳಿಗೆ ತೆರೆದಿರಲಿಲ್ಲ.